ಬ್ರೇಕು ತಿನ್ನುವ ಕಾರು

ನನ್ನ ತಮ್ಮ ನಡೆಯಲು ಕಲಿತದ್ದು ಎರಡು ವರ್ಷ ತುಂಬಿದ ಮೇಲೆ. ಓರಗೆಯ ಮಕ್ಕಳೆಲ್ಲ ಓಡಿ, ಬಿದ್ದು, ಮೊಣಕಾಲು ತರಚಿಕೊಳ್ಳುತ್ತಿದ್ದಾಗ ಇವನು ಗೋಡೆ ಹಿಡಿದು ನಿಂತು ಯೋಚನೆ ಮಾಡುತ್ತಿದ್ದ. “ಇದು ಹುಟ್ಟೋದಕ್ಕೂ ಎರಡು ದಿನ ತಡ ಮಾಡ್ತು” ಎಂದು ಅಮ್ಮ ಹೇಳುತ್ತಿದ್ದಳು. ನಾನು ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಐದನೇ ತರಗತಿಗೇ ಶಾಲೆ ಬಿಟ್ಟು ಮನೆಯಲ್ಲಿದ್ದೆ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನೇ.

ಅಂಥವನು ದೊಡ್ಡವನಾಗಿ ಹಿಡಿದ ಕೆಲಸ ಡ್ರೈವಿಂಗ್ ಕಲಿಸುವುದು. ಒಂದಲ್ಲ ಎರಡಲ್ಲ, ಮೂವತ್ತೊಂದು ವರ್ಷ ಕಲಿಸಿದ, ಈಗಲೂ ಕಲಿಸುತ್ತಿದ್ದಾನೆ. ಶಿಷ್ಯರು ಇಟ್ಟ ಹೆಸರು ‘ನಿಧಾನ ಮೇಷ್ಟ್ರು’. ಮಾತೆತ್ತಿದರೆ “ನಿಧಾನ, ನಿಧಾನ” ಎನ್ನುವುದು ಅವನ ಚಾಳಿ. ತಲೆಯ ಮೇಲೆ ಬೋರ್ಡು ಹೊತ್ತ ಪುಟ್ಟ ಬಿಳಿ ಕಾರು ಅವನದು. ಸ್ಟೀರಿಂಗು, ಕ್ಲಚ್ಚು, ಗೇರು ಎಲ್ಲ ಶಿಷ್ಯನ ಕೈಯಲ್ಲಿ. ಇವನ ಬದಿಗೆ ಇರುವುದು ಒಂದೇ ಒಂದು ಪೆಡಲು, ಬ್ರೇಕಿನದು. ಶಿಷ್ಯ ಹೆದರಿಯೋ ಮರೆತೋ ನಿಲ್ಲಿಸದಿದ್ದರೆ ಇವನು ಅದನ್ನು ಒತ್ತಬೇಕು. ಶಿಷ್ಯನ ಮುಖ ಕಾಣುವಂತೆ ಅರ್ಧ ತಿರುಗಿ, ಬಲಗಾಲನ್ನು ಸೀಟಿನ ಕೆಳಗೆ ಮಡಚಿ, ಎಡಗಾಲನ್ನು ಆ ಪೆಡಲಿನ ಮೇಲಿಟ್ಟು ಕೂರುವುದು ಅವನ ಕ್ರಮ. ದಿನಕ್ಕೆ ಎಂಟು ಗಂಟೆ ಹಾಗೆ ಕೂತು ಕೂತು ಅವನ ಎಡಗಾಲಿನ ಬೂಟಿನ ಅಟ್ಟೆ ಬಲಗಾಲಿನದಕ್ಕಿಂತ ಮೊದಲು ಸವೆಯುತ್ತಿತ್ತು.

ಅವನ ಹೆಂಡತಿ, ಅಂದರೆ ನನ್ನ ನಾದಿನಿ, ಮೊದಲು ಅವನ ಶಿಷ್ಯೆಯೇ. ಎರಡು ಸಲ ಟೆಸ್ಟಿನಲ್ಲಿ ಫೇಲಾದಳು. ಮೂರನೆಯ ಸಲ ಪಾಸಾದಳು, ಮರುತಿಂಗಳು ಮದುವೆಯಾದಳು. ಫೇಲಾದದ್ದೂ ಬೇಕೆಂದೇ ಇರಬಹುದು ಎಂದು ನನ್ನ ಅನುಮಾನ. ಕೇಳಿದರೆ ನಗುತ್ತಾಳೆ, ಬಾಯಿ ಬಿಡುವುದಿಲ್ಲ. ಅವಳದು ಬಟ್ಟೆ ಒಗೆಯುವ ಲಾಂಡ್ರಿ. ಎರಡು ಆಸ್ಪತ್ರೆ, ಒಂದು ಹೋಟೆಲಿನ ಹಾಸಿಗೆ ಹೊದಿಕೆಗಳನ್ನು ಅವಳೇ ವ್ಯಾನಿನಲ್ಲಿ ತಂದು, ಒಗೆದು, ಇಸ್ತ್ರಿ ಮಾಡಿಸಿ, ಅವಳೇ ಕೊಟ್ಟು ಬರುತ್ತಾಳೆ. ಅವಳ ವ್ಯಾನು ಮೂಲೆ ತಿರುಗುವಾಗ ದಾರಿಹೋಕರು ಗೋಡೆಗೆ ಅಂಟಿಕೊಳ್ಳುತ್ತಾರೆ. ನಿಧಾನ ಮೇಷ್ಟ್ರ ಪಾಠ ಅವಳಿಗೆ ಹತ್ತಲಿಲ್ಲ.

ನನ್ನ ಯಜಮಾನರು ಸಿಟಿ ಬಸ್ಸು ಓಡಿಸುತ್ತಿದ್ದರು. ಅವರು ಹೋದ ಮೇಲೆ ನಾನು ತಮ್ಮನ ಮನೆಯ ಮಾಳಿಗೆಯ ಕೋಣೆಗೆ ಬಂದೆ. ಕಿಟಕಿ ಬೀದಿಗೆ ತೆರೆಯುತ್ತದೆ. ಗಾಳಿ ಬೆಳಕಿಗೆ ಕೊರತೆಯಿಲ್ಲ.

ತಮ್ಮನ ಮಗಳು ಓದು ಮುಗಿಸಿ ಕೆಲಸ ಹಿಡಿದ ವರ್ಷ ಅವನ ತಲೆಯೊಳಗೆ ಆ ಕಾರು ಹೊಕ್ಕಿತು. ಅವನು ಪಾಠ ಹೇಳುತ್ತಿದ್ದ ಹುಡುಗಿಯೊಬ್ಬಳ ತಂದೆ ಹಲ್ಲಿನ ಡಾಕ್ಟರು. ಅವರು ಬೇರೆ ದೇಶಕ್ಕೆ ಹೊರಟಿದ್ದರು, ಕಾರು ಮಾರುವುದಿತ್ತು. ಇವನು ಕೊಂಡು ತಂದ. ಒಂಬತ್ತು ವರ್ಷದ ಹಳೆಯ ಕಾರು. ಬೂದು ಬಣ್ಣ, ನಾಲ್ಕು ಬಾಗಿಲು, ನೋಡಲು ಯಾವುದೋ ಆಫೀಸರನ ಕಾರಿನ ಹಾಗೆ ಸಾಧು. ಒಳಗಿನ ಎಂಜಿನ್ನು ಮಾತ್ರ ಪಂದ್ಯದ ಕುದುರೆ. ಅದನ್ನು ಚಾಲೂ ಮಾಡಿದರೆ ಮಾಳಿಗೆಯಲ್ಲಿ ನನ್ನ ಕಪಾಟಿನ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು.

“ರೀ, ನಿಮಗೇನಾದ್ರೂ ಬುದ್ಧಿ ಇದೆಯಾ?” ನಾದಿನಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. “ಮೂರನೇ ಗೇರಿಗೆ ಹಾಕಿದ್ರೆ ಬೆವರೋ ಮನುಷ್ಯ ನೀವು. ನಿಮಗ್ಯಾಕೆ ಇದು?”

“ಜೋರಾಗಿ ಓಡಿಸೋದಕ್ಕಲ್ಲ ಕಣೇ.”

“ಮತ್ತೆ? ಉಪ್ಪಿನಕಾಯಿ ಹಾಕೋದಕ್ಕಾ?”

ಆಮೇಲೆ ಅವನು ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ. “ಅಕ್ಕ, ಮೂವತ್ತೊಂದು ವರ್ಷದಿಂದ ಸ್ಟೀರಿಂಗ್ ಇಲ್ಲದ ಸೀಟಲ್ಲಿ ಕೂತಿದ್ದೀನಿ. ಒಂದು ಒಳ್ಳೆ ಕಾರಿನ ಸ್ಟೀರಿಂಗ್ ಹಿಂದೆ ಕೂರ್ಬೇಕು ಅನ್ನಿಸ್ತು. ಅಷ್ಟೇ” ಎಂದ. ಹುಟ್ಟಿದಾಗಿನಿಂದ ಅವನು ತನಗಾಗಿ ಬೇಕು ಎಂದು ಕೇಳಿದ್ದು ಅದೊಂದೇ ನನಗೆ ನೆನಪಿರುವುದು. ನಾನು ಕೊಟ್ಟ ಬಟ್ಟೆ ಹಾಕಿಕೊಂಡ, ಬಡಿಸಿದ್ದು ತಿಂದ, ಅಪ್ಪ ಹೇಳಿದ ಕೆಲಸ ಕಲಿತ. “ತಗೊಂಡಿದ್ದೀಯ, ಸುಖವಾಗಿ ಓಡಿಸು” ಎಂದೆ.

ಕೊಳ್ಳುವಾಗ ಅಗ್ಗವೇ. ಹೊಸದೊಂದು ಪುಟ್ಟ ಕಾರಿನ ಬೆಲೆಗೆ ಆ ದೊಡ್ಡ ಕಾರು ಬಂತು. ಸಾಕುವುದು ಏನೆಂದು ಆಮೇಲೆ ತಿಳಿಯಿತು. ಅದಕ್ಕೆ ಸಾಮಾನ್ಯ ಪೆಟ್ರೋಲು ಆಗದು, ದುಬಾರಿಯದೇ ಆಗಬೇಕು. ಇನ್ಶೂರೆನ್ಸಿನ ಗುಮಾಸ್ತ ಕಾರಿನ ಹೆಸರು ಕೇಳಿ, ಪೆನ್ನು ಕೆಳಗಿಟ್ಟು, “ಇದನ್ನ ಓಡಿಸೋರು ನೀವೇನಾ, ಮಗನಾ?” ಎಂದು ಕೇಳಿದನಂತೆ. ಎಂಜಿನ್ ಆಯಿಲು ಬೇರೆ ಕಾರು ಕುಡಿಯುವುದರ ಎರಡರಷ್ಟು. ಹಿಂದಿನ ಟೈರು ಒಂದು ಅಳತೆ, ಮುಂದಿನದು ಇನ್ನೊಂದು. ಅದಲು ಬದಲು ಮಾಡಿ ದಿನ ತಳ್ಳೋಣವೆಂದರೆ ಅದೂ ಇಲ್ಲ. ತಮ್ಮ ಯಾವ ಖರ್ಚನ್ನೂ ಹಣದಲ್ಲಿ ಹೇಳುತ್ತಿರಲಿಲ್ಲ, ಶಿಷ್ಯರ ಫೀಸಿನ ಲೆಕ್ಕದಲ್ಲಿ ಹೇಳುತ್ತಿದ್ದ. ನಾಲ್ಕು ಟೈರು ಎಂದರೆ ಹನ್ನೆರಡು ಶಿಷ್ಯರು. ಇನ್ಶೂರೆನ್ಸು ಒಂಬತ್ತು ಶಿಷ್ಯರು. “ಮೂಗಿಗಿಂತ ಮೂಗುತಿ ಭಾರ” ಎಂದು ನಾದಿನಿ ಗೊಣಗಿದಳು. ಆದರೂ ತಡೆದುಕೊಂಡಳು. ಇವನು ಬೆಳಿಗ್ಗೆ ಒಂದು ಪಾಠ ಹೆಚ್ಚಿಗೆ ಹೇಳಿ ಸರಿದೂಗಿಸುತ್ತಿದ್ದ.

ಸರಿದೂಗದ್ದು ಬ್ರೇಕು.

ಕಾರು ಬಂದ ನಾಲ್ಕೇ ತಿಂಗಳಿಗೆ ಬ್ರೇಕಿನ ಪ್ಯಾಡುಗಳು ಪೂರಾ ಸವೆದು ಹೋದವು. ಚಕ್ರದ ಒಳಗಿನ ಉಕ್ಕಿನ ತಟ್ಟೆ, ಡಿಸ್ಕು ಅನ್ನುತ್ತಾರಲ್ಲ, ಅದು ಕಾದು ಕಾದು ನೀಲಿಯಾಗಿತ್ತು. ಮರದ ಅಡ್ಡೆಯ ಹಿಂದಿನ ಗ್ಯಾರೇಜಿನ ಮೆಕ್ಯಾನಿಕ್ಕು ಹಳಬ, ಕೈ ಶುದ್ಧ, ಬಾಯಿ ಶುದ್ಧ. “ಇಂಥ ಗಾಡಿಗಳು ಬ್ರೇಕು ತಿನ್ನುತ್ತವೆ ಮೇಷ್ಟ್ರೇ. ಆದ್ರೂ ಇಷ್ಟು ಬೇಗ ತಿನ್ನಬಾರದಪ್ಪ” ಎಂದ. ಎಲ್ಲ ಬದಲಿಸಿದ. ಹದಿನಾಲ್ಕು ಶಿಷ್ಯರು ಹೋದರು. ಮತ್ತೆ ನಾಲ್ಕು ತಿಂಗಳಿಗೆ ಅದೇ ಕಥೆ. ಈ ಸಲ ಪ್ಯಾಡನ್ನು ಹಿಡಿಯುವ ಇಕ್ಕಳವನ್ನೇ ಬದಲಿಸಿದ. ಮೂರನೆಯ ಸಲ ಪೈಪು, ಆಯಿಲು, ಇನ್ನೂ ಏನೇನೋ. ಪ್ರತಿ ಸಲವೂ ತಾನೇ ಊರು ಸುತ್ತಿ ಬಂದು ಚಕ್ರ ಮುಟ್ಟಿ ನೋಡುತ್ತಿದ್ದ; ತಣ್ಣಗಿರುತ್ತಿತ್ತು.

“ನಾನು ಓಡಿಸಿದ್ರೆ ಏನೂ ಇಲ್ಲ. ನಿಮ್ಮ ಓಡಿಸೋದ್ರಲ್ಲಿ ತಪ್ಪು ಹುಡುಕೋಣ ಅಂದ್ರೆ ಅರ್ಧ ಊರಿಗೆ ಕಲಿಸಿದೋರು ನೀವು, ನನ್ನ ಹೆಂಡ್ತಿಗೂ ನೀವೇ ಕಲಿಸಿದ್ದು. ಕಾರಲ್ಲೇ ಏನೋ ಇದೆ, ನನ್ನ ಕಣ್ಣಿಗೆ ಬೀಳ್ತಿಲ್ಲ” ಎಂದು ತಲೆ ಕೆರೆದುಕೊಂಡ. ಆ ಸಲ ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ.

ತಮ್ಮ ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಎಂಟರವರೆಗೂ ಪಾಠ ಹೇಳತೊಡಗಿದ. ನಿಂತುಕೊಂಡೇ ಉಣ್ಣುತ್ತಿದ್ದ. ಅಂಗಿಯ ಕಾಲರಿನೊಳಗೆ ಕತ್ತು ಸಣ್ಣಗಾಯಿತು. ಐವತ್ತೆಂಟು ವರ್ಷದವನು ಹೀಗೆ ದುಡಿದರೆ ಏನಾದೀತು ಎಂದು ನನಗೆ ಭಯ. ನಾದಿನಿಗೂ ಅದೇ ಭಯ. ಆದರೆ ಅವಳ ಭಯ ಯಾವಾಗಲೂ ಸಿಟ್ಟಿನ ಬಟ್ಟೆ ತೊಟ್ಟೇ ಹೊರಗೆ ಬರುವುದು.

“ಕೇಳಿಸ್ಕೊಳ್ಳಿ. ಇನ್ನೊಂದೇ ಒಂದು ಸಲ ಬ್ರೇಕು ಹೋದ್ರೆ ಈ ಕಾರು ಈ ಮನೇಲಿ ಇರಲ್ಲ. ಪೆಟ್ರೋಲ್ ಕುಡೀಲಿ, ಟೈರು ಸವೆಸ್ಲಿ, ನಾನು ಕೇಳಲ್ಲ. ಗಂಡನ್ನೇ ತಿನ್ನೋಕೆ ಬಂದ್ರೆ ಸುಮ್ನಿರಲ್ಲ” ಎಂದಳು.

ನಾಲ್ಕನೆಯ ಸಲವೂ ಹೋಯಿತು. ಇವನು ಒಂದು ಮಾತೂ ಎದುರಾಡದೆ ಹೊಸ ಪ್ಯಾಡು ಹಾಕಿಸಿದ. ಊರಾಚೆಯ ಹಳೆ ಕಾರುಗಳ ವ್ಯಾಪಾರಿಯನ್ನು ವಿಚಾರಿಸಿದ. ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆ ಹೇಳಿದನಂತೆ. ಒಪ್ಪಿಕೊಂಡು ಬಂದ. ಹೊರಡುವ ಮುಂಚಿನ ಸಂಜೆ ಬಕೆಟ್ಟಿನಲ್ಲಿ ನೀರು ಹಿಡಿದು ಕಾರು ತೊಳೆಯುತ್ತಿದ್ದವನನ್ನು, “ಮಾರೋ ಕಾರಿಗೆ ಇಷ್ಟು ಯಾಕೋ ಉಜ್ಜುತ್ತೀಯ?” ಎಂದು ಕೇಳಿದೆ.

“ಕಾರಲ್ಲಿ ತಪ್ಪಿಲ್ಲ ಅಕ್ಕ. ನಾನೇ ಇದಕ್ಕೆ ಲಾಯಕ್ಕಿಲ್ಲ ಅನ್ಸುತ್ತೆ. ಕೆಲವರಿಗೆ ಪಕ್ಕದ ಸೀಟೇ ಬರೆದಿರೋದು” ಎಂದ. ಅಳು ನುಂಗಿದ ದನಿ ನನಗೆ ಗೊತ್ತಾಗದೆ ಇರುತ್ತದೆಯೇ? ಎತ್ತಿ ಆಡಿಸಿದವಳು.

ಮರುದಿನ ಬೆಳಿಗ್ಗೆ ಅವನು ಕಾರಿನಲ್ಲಿ ಮುಂದೆ ಹೊರಟ. ವಾಪಸು ಕರೆತರಲು ನಾದಿನಿ ವ್ಯಾನಿನಲ್ಲಿ ಹಿಂದೆ. ನಾನೂ ವ್ಯಾನು ಹತ್ತಿದೆ. ಬರುವಾಗ ಅವನ ಪಕ್ಕ ಯಾರಾದರೂ ಇರಲಿ ಎಂದು ಮನಸ್ಸು. ಅಷ್ಟು ದಿನ ಆ ಕಾರಿನಲ್ಲಿ ಕೂತು ಓಡಾಡಿದ್ದೆ, ಕಿಟಕಿಯಿಂದ ಅದು ಬಂದು ನಿಲ್ಲುವುದನ್ನು ನೋಡಿದ್ದೆ. ಅದರ ಬೆನ್ನ ಹಿಂದೆಯೇ ಹೋಗುವುದು ಅದೇ ಮೊದಲು.

ಹಿಟ್ಟಿನ ಮಿಲ್ಲಿನ ಉದ್ದನೆಯ ಗೋಡೆಯ ಪಕ್ಕ ರಸ್ತೆ ಗೆರೆ ಎಳೆದ ಹಾಗೆ ನೇರ. ರಜಾದಿನ, ಮುಂದೆ ಒಂದು ಸೈಕಲ್ಲೂ ಇಲ್ಲ. ನಾದಿನಿ ಹಲ್ಲು ಕಡಿಯುತ್ತಿದ್ದಳು.

“ನೋಡಿ ಅತ್ತಿಗೆ, ನಿಲ್ಲಿಸ್ತಾರೆ ನಿಲ್ಲಿಸ್ತಾರೆ ಅಂತ ನಾನೂ ಬ್ರೇಕ್ ಹಾಕ್ತೀನಿ. ಇವರು ನಿಲ್ಲಿಸೋದೂ ಇಲ್ಲ, ಹೋಗೋದೂ ಇಲ್ಲ!”

ಆಗ ಕಂಡಿತು. ಕಾರಿನ ಹಿಂದೆ ಎಡಕ್ಕೊಂದು, ಬಲಕ್ಕೊಂದು, ಗಾಜಿನ ಮೇಲ್ತುದಿಗೆ ಪಟ್ಟಿಯಂಥದ್ದೊಂದು, ಮೂರೂ ಕೆಂಪು ದೀಪ ಉರಿಯುತ್ತಿವೆ. ಮಿಲ್ಲಿನ ಗೋಡೆ ಮುಗಿಯಿತು, ಸೇತುವೆ ಬಂತು, ಏರು ಬಂತು. ದೀಪ ಆರಲೇ ಇಲ್ಲ. ಏರಿನಲ್ಲಿ ಯಾರಾದರೂ ಬ್ರೇಕು ಹಾಕುತ್ತಾರೆಯೇ?

ನಮ್ಮ ಯಜಮಾನರು ಕೆಲಸದಿಂದ ಬಂದು ಕಾಲು ಚಾಚಿ ಕೂತಾಗ ಬೈಯುತ್ತಿದ್ದುದು ಇಂಥವರನ್ನೇ. “ಕೆಂಪು ದೀಪ ಹಚ್ಕೊಂಡೇ ಹೋಗ್ತಾರೆ ಕಣೇ, ಹಿಂದಿನವನು ಏನಂತ ತಿಳ್ಕೋಬೇಕು?” ಎನ್ನುತ್ತಿದ್ದರು. ನಾನು ಕಲಿತ ಡ್ರೈವಿಂಗು ಅಷ್ಟೇ. ಅವರ ಬೈಗುಳದಿಂದ ಕಲಿತದ್ದು.

“ಆ ದೀಪ ಯಾಕೆ ಆರಲ್ಲ?” ಎಂದು ಕೇಳಿದೆ.

“ಸ್ವಿಚ್ಚು ಕೆಟ್ಟಿರುತ್ತೆ. ಬಿಡಿ, ಇನ್ನು ಆ ಬಿಲ್ಲು ವ್ಯಾಪಾರಿಯ ತಲೆಗೆ.”

ಮುಂದೆ ಪೆಟ್ರೋಲ್ ಬಂಕಿನ ಹತ್ತಿರ ತಮ್ಮ ಗಾಳಿ ನೋಡಿಸಲು ನಿಲ್ಲಿಸಿ ಕೆಳಗಿಳಿದ. ಅವನು ಕಾಲು ಹೊರಗಿಡುವುದಕ್ಕೂ ಮೂರು ದೀಪ ಒಟ್ಟಿಗೆ ಆರುವುದಕ್ಕೂ ಸರಿಹೋಯಿತು. ಕೆಟ್ಟ ಸ್ವಿಚ್ಚಿಗೆ ಅಷ್ಟು ಬುದ್ಧಿ ಇರುವುದಿಲ್ಲ. ನಾನು ವ್ಯಾನಿನಿಂದ ಇಳಿದೆ.

“ನಿನ್ನ ಹೆಂಡ್ತಿ ಓಡಿಸೋ ರೀತಿಗೆ ನನ್ನ ಕರುಳೆಲ್ಲ ಕಲಸಿಹೋಯ್ತು. ನಿನ್ನ ಜೊತೆ ಬರ್ತೀನಿ” ಎಂದು ಮುಂದಿನ ಸೀಟಿನಲ್ಲಿ ಕೂತೆ.

ಹೊರಟೆವು. ಚೀಲದಿಂದ ಏನೋ ತೆಗೆಯುವವಳಂತೆ ಬಗ್ಗಿ ನೋಡಿದೆ. ಆ ಕಾರಿಗೆ ಕ್ಲಚ್ಚಿಲ್ಲ, ಗೇರು ತಾನಾಗಿಯೇ ಬೀಳುತ್ತದೆ. ಕೆಳಗೆ ಇರುವುದು ಎರಡೇ ಪೆಡಲು. ಬಲಗಾಲು ತನ್ನ ಕೆಲಸ ತಾನು ಮಾಡುತ್ತಿತ್ತು. ಎಡಗಾಲು ಬ್ರೇಕಿನ ಅಗಲ ಪೆಡಲಿನ ಮೇಲೆ, ಸಾಕಿದ ಬೆಕ್ಕು ಮೆತ್ತೆಯ ಮೇಲೆ ಕೂತ ಹಾಗೆ, ಹಾಯಾಗಿ ಕೂತಿತ್ತು.

“ನಿನ್ನ ಎಡಗಾಲು ಎಲ್ಲಿದೆಯೋ?”

“ಎಲ್ಲಿರುತ್ತೆ? ಕೆಳಗಿದೆ.”

“ಕೆಳಗೆ ಎಲ್ಲಿ? ನೋಡು.”

“ಓಡಿಸುವಾಗ ಕಾಲು ನೋಡಬಾರದು ಅಕ್ಕ, ಕಣ್ಣು ರಸ್ತೆ ಮೇಲಿರಬೇಕು. ಮೊದಲನೇ ದಿನದ ಪಾಠ ಅದು.”

“ನಿನ್ನ ಪಾಠ ಮನೆ ಹಾಳಾಗ! ಪಕ್ಕಕ್ಕೆ ನಿಲ್ಲಿಸಿ ನೋಡೋ!”

ಪಕ್ಕಕ್ಕೆ ಹಾಕಿ ನಿಲ್ಲಿಸಿದ. ತಲೆ ಬಗ್ಗಿಸಿದ. ಕಾಲನ್ನು ತೆಗೆದ, ಸ್ವಲ್ಪ ಹೊತ್ತಿಗೆ ಅದು ತಾನಾಗಿ ಹೋಗಿ ಮತ್ತೆ ಅಲ್ಲೇ ಕೂತಿತು. ಮತ್ತೆ ತೆಗೆದ. “ಅಯ್ಯೋ ಅಕ್ಕ” ಎಂದ. ಮೂವತ್ತೊಂದು ವರ್ಷ ಶಿಷ್ಯರ ಜೀವ ಕಾದ ಕಾಲು ಅದು. ಬಿಳಿ ಕಾರನ್ನು ತಾನೇ ಓಡಿಸುವಾಗ ಅದಕ್ಕೆ ಕ್ಲಚ್ಚಿನ ಕೆಲಸವಿತ್ತು. ಇಲ್ಲಿ ಕೆಲಸವಿಲ್ಲ, ಹಾಗಾಗಿ ಹಳೆಯ ನೌಕರಿಗೇ ಹೋಗಿ ಕೂತಿತ್ತು.

ಹಿಂದೆ ವ್ಯಾನು ನಿಲ್ಲಿಸಿ ನಾದಿನಿ ಓಡಿ ಬಂದಳು. “ಏನಾಯ್ತು? ಅತ್ತಿಗೆ, ಹುಷಾರಿದ್ದೀರ ತಾನೆ?”

“ನನಗೇನಾಗಿಲ್ಲ. ನಿನ್ನ ಗಂಡನ ಕೇಳು.”

ಅವನು ಸ್ಟೀರಿಂಗು ಹಿಡಿದುಕೊಂಡೇ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗನಂತೆ, ಎಲ್ಲ ಹೇಳಿದ. ಅವಳು ಮೊದಲು ನಂಬಲಿಲ್ಲ. “ಹಾಕಿ, ನೋಡೋಣ” ಎಂದು ಹಿಂದೆ ಹೋಗಿ ದೀಪ ನೋಡಿದಳು. “ತೆಗೀರಿ!” ಎಂದಳು. “ಹಾಕಿ! ತೆಗೀರಿ!” ಆಮೇಲೆ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟಳು. ಅಳುತ್ತಿದ್ದಾಳೆ ಎಂದು ಗಾಬರಿಯಾದೆ. ನಗುತ್ತಿದ್ದಳು. ಕಣ್ಣು, ಮೂಗು ಎಲ್ಲ ಸೆರಗಿನಿಂದ ಒರೆಸಿಕೊಂಡು ನಗುತ್ತಿದ್ದಳು.

“ನನ್ನನ್ನ ಎರಡು ಸಲ ಫೇಲ್ ಮಾಡಿಸಿದ ಮೇಷ್ಟ್ರು! ಹೇಳೋದು ಪುರಾಣ, ತಿನ್ನೋದು ಬದನೆಕಾಯಿ! ನಾಲ್ಕು ಸಲ, ರೀ! ಐವತ್ತಾರು ಶಿಷ್ಯರನ್ನ ಒಂದು ಕಾಲಲ್ಲಿ ಒರೆಸಿ ಹಾಕಿದ್ರಲ್ಲ!”

“ಹಂಗಂದ್ರೆ… ಕಾರು ಕೊಟ್ಟುಬಿಡೋಣವಾ, ಬೇಡವಾ?” ಅವನು ಮೆಲ್ಲಗೆ ಕೇಳಿದ.

ಅವಳು ಫೋನು ತೆಗೆದು ವ್ಯಾಪಾರಿಗೆ ಕರೆ ಮಾಡಿದಳು. “ಇವತ್ತು ಬರಲ್ಲ… ಇಲ್ಲ, ರೇಟಿನ ವಿಷಯ ಅಲ್ಲ… ಕಾರು ಸರಿ ಇದೆ, ಓಡಿಸೋರದ್ದೇ ರಿಪೇರಿ ಇದೆ.” ಫೋನು ಇಟ್ಟು ಗಂಡನ ಕಡೆ ತಿರುಗಿದಳು. “ನಾಲ್ಕು ತಿಂಗಳು ಟೈಮು. ಚಕ್ರ ಬಿಚ್ಚಿಸಿ ನೋಡ್ತೀನಿ. ಸವೆದಿದ್ರೆ ಆಗ ಕೊಡೋದೇ.”

ನಾಲ್ಕು ತಿಂಗಳು ಅವನು ಪಟ್ಟ ಪಾಡು ನನಗೇ ಗೊತ್ತು. ಎಂಟು ಗಂಟೆ ಬಿಳಿ ಕಾರಿನಲ್ಲಿ ಎಡಗಾಲು ಬ್ರೇಕಿನ ಮೇಲೆ ಇರಲೇಬೇಕು, ಇಲ್ಲದಿದ್ದರೆ ಯಾರಾದರೂ ಸತ್ತಾರು. ಆಮೇಲೆ ತನ್ನ ಕಾರು ಹತ್ತಿದ ಕೂಡಲೇ ಅದೇ ಕಾಲು ಆ ಅಭ್ಯಾಸವನ್ನು ಮರೆಯಬೇಕು. ಭಾನುವಾರ ಬೆಳಿಗ್ಗೆ ಖಾಲಿ ಮಾರುಕಟ್ಟೆಯ ಅಂಗಳದಲ್ಲಿ ನಾದಿನಿ ಅವನಿಗೆ ಪಾಠ ಹೇಳುತ್ತಿದ್ದಳು. ಅವನದೇ ದನಿಯಲ್ಲಿ “ನಿಧಾನ, ನಿಧಾನ… ಎಡಗಾಲು, ಮೇಷ್ಟ್ರೇ!” ಎಂದು ಕೂಗುತ್ತಿದ್ದಳು. ಹಿಂದಿನ ಸೀಟಿನಲ್ಲಿ ನಾನು. ಕೊನೆಗೆ ಉಪಾಯ ಹೊಳೆದದ್ದು ಅವನಿಗೇ. ತನ್ನ ಕಾರು ಹತ್ತುವಾಗ ಎಡಗಾಲಿನ ಬೂಟು, ಕಾಲುಚೀಲ ಎರಡನ್ನೂ ಬಿಚ್ಚಿ ಹಿಂದೆ ಇಟ್ಟುಬಿಡುವುದು. ಪೆಡಲಿನ ಪಕ್ಕದಲ್ಲಿ ಕಾಲಿಡಲು ಒಂದು ಲೋಹದ ಪಟ್ಟಿಯಿತ್ತು. ಬರಿಗಾಲಿಗೆ ಅದು ತಣ್ಣಗೆ ತಾಗಿದಾಗ ‘ಇದು ನಿನ್ನ ಕಾರು’ ಎಂದು ಕಾಲಿಗೆ ತಿಳಿಯುತ್ತದಂತೆ. ಅಷ್ಟು ದೊಡ್ಡ ಕಾರಿನಿಂದ ಒಂದೇ ಬೂಟು ಹಾಕಿಕೊಂಡು ಇಳಿಯುವ ಗೃಹಸ್ಥನನ್ನು ಜನ ತಿರುಗಿ ತಿರುಗಿ ನೋಡುತ್ತಿದ್ದರು. ಯಾರಿಗೂ ಕಾರಣ ಹೇಳಬಾರದೆಂದು ನಮ್ಮಿಬ್ಬರಿಂದ ಮಾತು ತೆಗೆದುಕೊಂಡಿದ್ದ. ಮೇಷ್ಟ್ರಿಗೇ ಓಡಿಸಲು ಬಾರದೆಂದು ಊರಿಗೆ ತಿಳಿದರೆ ಶಿಷ್ಯರು ಬರುತ್ತಾರೆಯೇ?

ಪೆಟ್ರೋಲು ಮೊದಲ ತಿಂಗಳೇ ಇಳಿಯಿತು. ಎಂಜಿನ್ನು ಎಳೆಯುವುದನ್ನು ಬ್ರೇಕು ಹಿಡಿದು ನಿಲ್ಲಿಸುತ್ತಿದ್ದ ಕಾಲದಲ್ಲಿ ಅದು ಇನ್ನೆಷ್ಟು ಕುಡಿಯುತ್ತಿತ್ತೋ! ಆದರೂ ನಾದಿನಿ ಬಾಯಿ ಬಿಡಲಿಲ್ಲ. ಚಕ್ರ ಬಿಚ್ಚಲಿ ಎಂದು ಕಾಯುತ್ತಿದ್ದಳು.

ಆ ದಿನ ಮೂವರೂ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ಕಿನ ಮುಖ ನಮ್ಮನ್ನು ಕಂಡೇ ಬಾಡಿತು. ಜಾಕು ಹಾಕಿ ಚಕ್ರ ತೆಗೆದ. ಪ್ಯಾಡಿಗೆ ಅಳತೆಯ ಕಡ್ಡಿ ಹಿಡಿದ. ಕನ್ನಡಕ ಒರೆಸಿ ಮತ್ತೆ ಹಿಡಿದ. ಇನ್ನೊಂದು ಚಕ್ರ ತೆಗೆದ. ತಮ್ಮ ಕಂಬಕ್ಕೆ ಒರಗಿ ನಿಂತಿದ್ದ. ನಾದಿನಿ ನನ್ನ ಕೈ ಹಿಡಿದುಕೊಂಡಿದ್ದಳು. ಹಿಡಿದಿದ್ದೇನೆಂದು ಅವಳಿಗೇ ಗೊತ್ತಿದ್ದ ಹಾಗಿರಲಿಲ್ಲ.

“ಹೊಸದರ ಹಾಗೇ ಇದೆಯಲ್ಲ” ಎಂದ ಮೆಕ್ಯಾನಿಕ್ಕು. “ಇನ್ನೂ ಎರಡು ವರ್ಷ ಯೋಚನೆ ಇಲ್ಲ. ಮೇಷ್ಟ್ರೇ, ನಾನು ಈ ಸಲ ಬೇರೆ ಏನೂ ಮಾಡಿಲ್ಲ. ಹೆಂಗೆ ಸರಿ ಹೋಯ್ತು ಇದು?”

ನಾನೂ ನಾದಿನಿಯೂ ತಮ್ಮನ ಕಡೆ ನೋಡಿದೆವು. ಮಾತು ಕೊಟ್ಟವರು ನಾವು. ಮೆಕ್ಯಾನಿಕ್ಕು ಅಳತೆಯ ಕಡ್ಡಿಯನ್ನು ಕೈಯಲ್ಲಿ ತಿರುಗಿಸುತ್ತ, “ನಿಜ ಹೇಳ್ಲಾ? ಹೋದ ವರ್ಷದಿಂದ ನನಗೆ ನಿದ್ದೆ ಇಲ್ಲ. ಕಣ್ಣು ಮಂಜಾಯ್ತು, ಕೈ ಕೈಕೊಡ್ತಿದೆ, ಇನ್ನು ಗ್ಯಾರೇಜು ಮುಚ್ಚಿಬಿಡೋಣ ಅಂತಿದ್ದೆ. ಯಾರದೋ ಬ್ರೇಕು ನನ್ನಿಂದ ಕೆಟ್ಟು ಯಾರಾದ್ರೂ ಸತ್ರೆ?” ಎಂದ.

ತಮ್ಮ ಕಂಬ ಬಿಟ್ಟು ಮುಂದೆ ಬಂದ. ಒಂದು ಕಾಲಲ್ಲಿ ಬೂಟು, ಇನ್ನೊಂದು ಬರಿಗಾಲು, ಎಣ್ಣೆ ಚೆಲ್ಲಿದ ನೆಲ. “ನಿಮ್ಮ ಕೈ ಸರಿ ಇದೆ, ಕಣ್ಣೂ ಸರಿ ಇದೆ. ತಪ್ಪು ನಂದು. ಒಂದೂವರೆ ವರ್ಷ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಓಡಿಸಿದ್ದೀನಿ” ಎಂದ.

ಮೆಕ್ಯಾನಿಕ್ಕು ಅವನ ಮುಖ ನೋಡಿದ, ಬರಿಗಾಲು ನೋಡಿದ. ಬೈಯುತ್ತಾನೆ ಎಂದುಕೊಂಡೆ, ಇಲ್ಲವೇ ನಕ್ಕು ಊರಿಗೆಲ್ಲ ಸಾರುತ್ತಾನೆ. ಅವನು ಎರಡೂ ಅಂಗೈಗಳನ್ನು ಮುಂದೆ ಚಾಚಿ, ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡ.

“ಹಂಗಾದ್ರೆ ಗ್ಯಾರೇಜು ಮುಚ್ಚೋದು ಬೇಡ” ಎಂದ. ಆಮೇಲೆ ಒಳಗೆ ತಿರುಗಿ, “ನಾಲ್ಕು ಕುರ್ಚಿ ತಗೊಂಡು ಬನ್ರೋ!” ಎಂದು ಕೂಗಿದ. ಕುರ್ಚಿ ಬಂದವು. ನಾಲ್ಕೂ ಜನ ಚಕ್ರವಿಲ್ಲದ ಕಾರಿನ ಮುಂದೆ ಕೂತೆವು, ಬಿಸಿಲು ಕಾಯುತ್ತ. ಯಾರಿಗೂ ಎದ್ದು ಹೋಗುವ ಅವಸರವಿರಲಿಲ್ಲ.